ಯೂರಿಯಾ ಮೂಟೆಯೊಳಗೆ 33 ಕೆ.ಜಿ. ಗ್ಯಾಸ್: ಅನಿಲದಲ್ಲಿರೋ ‘ಹುಳಿ’ ತೆಗೆಯೋದು ಹೇಗೆ?

(ಆಡಿಯೊ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಗುಂಡ್ಲುಪೇಟೆ ಕಡೆ ಚೆಂಡು ಹೂವು, ಅರಿಶಿನ, ಬಾಳೆ ಬೆಳೆಯೋರ ಮನೆ ಮಕ್ಕಳು ಈ ಪಾಡ್‌ಕಾಸ್ಟ್ ಕೇಳ್ತೀರ ಅಂತ ನನಗೆ ಗೊತ್ತು. ಅದಕ್ಕೇ ಇವತ್ತಿನ ವಿಷಯಾನ ಒಂದು ಯೂರಿಯಾ ಮೂಟೆಯಿಂದ ಶುರು ಮಾಡ್ತೀನಿ. 45 ಕೆ.ಜಿ. ಮೂಟೆ, ಬೆಲೆ 266 ರೂಪಾಯಿ 50 ಪೈಸೆ. ಸೊಸೈಟಿ ಮುಂದೆ ಸಾಲಲ್ಲಿ ನಿಂತು ತರ್ತೀವಲ್ಲ, ಅದೇ.

ನಾನು ಬಿ.ಕಾಂ. ಓದಿದವನು. ಕೆಮಿಸ್ಟ್ರಿ ಬಿಟ್ಟು ಅಕೌಂಟ್ಸ್ ಹಿಡಿದವನು. ಆದ್ರೆ ಈ ಮೂಟೆಯ ಲೆಕ್ಕ ನೋಡಿದಾಗ ಇದು ಪಕ್ಕಾ ಜಮಾ-ಖರ್ಚು ಪುಸ್ತಕದ ಥರಾನೇ ಇದೆ ಅನ್ನಿಸ್ತು. 45 ಕೆ.ಜಿ. ಯೂರಿಯಾ ಮಾಡೋಕೆ 25.5 ಕೆ.ಜಿ. ಅಮೋನಿಯ ಬೇಕು, 33 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬೇಕು. ಎರಡೂ ಸೇರಿದಾಗ 13.5 ಕೆ.ಜಿ. ನೀರು ಹೊರಗೆ ಹೋಗತ್ತೆ, 45 ಕೆ.ಜಿ. ಬಿಳಿ ಕಾಳು ಉಳಿಯತ್ತೆ. ಕೂಡಿಸಿ ಕಳೆದು ನೋಡಿ, ತಾಳೆ ಆಗತ್ತೆ. ಅಂದ್ರೆ ಹೆಗಲ ಮೇಲೆ ಹೊತ್ತು ತರೋ ಪ್ರತಿ ಮೂಟೆಗೂ 33 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗಿದೆ. ಆ ಗ್ಯಾಸ್ ಎಲ್ಲಿಂದ ಬಂತು?

ಅದು ಕಾರ್ಖಾನೆಯಲ್ಲಿ ಬೇರೊಂದು ಗ್ಯಾಸ್‌ನಿಂದ ತೊಳೆದು ತೆಗೆದ ‘ಕೊಳೆ’. ಇವತ್ತಿನ ಸಂಚಿಕೆ ಪೂರ್ತಿ ಈ ತೊಳೆಯೋ ಕೆಲಸದ ಬಗ್ಗೆ. ಇಂಧನ ಅನಿಲದಿಂದ ಆಮ್ಲ ಅನಿಲ ತೆಗೆಯೋದು. ಕೇಳೋಕೆ ಬೋರಿಂಗ್. ಆದ್ರೆ ಇದನ್ನ ಸರಿಯಾಗಿ ಮಾಡದೇ ಇದ್ದಾಗ ಜನ ಸತ್ತಿದ್ದಾರೆ, ನಮ್ಮ ಪಕ್ಕದ ರಾಜ್ಯದಲ್ಲೇ. ಅದಕ್ಕೂ ಬರ್ತೀನಿ.

ಮೊದಲು ಹೆಸರು. ಆಮ್ಲ ಅನಿಲ ಅಂದ್ರೆ ಮುಖ್ಯವಾಗಿ ಇಬ್ಬರು. ಒಂದು ಕಾರ್ಬನ್ ಡೈಆಕ್ಸೈಡ್. ಇನ್ನೊಂದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ವಾಸನೆ ಬರತ್ತಲ್ಲ, ಅದು. ಒಣಗಿದ್ದಾಗ ಇವು ಕಬ್ಬಿಣದ ತಂಟೆಗೆ ಅಷ್ಟಾಗಿ ಹೋಗಲ್ಲ. ನೀರು ಸಿಕ್ಕಿದ ತಕ್ಷಣ ಎರಡೂ ಆಮ್ಲ ಆಗ್ತವೆ. ನಿಂಬೆಹಣ್ಣಿನ ರಸ ತಾಮ್ರದ ಚೊಂಬಿನ ಕಿಲುಬು ತಿನ್ನೋ ಹಾಗೆ ಪೈಪಿನ ಒಳಗೋಡೆ ತಿನ್ನೋಕೆ ಶುರು ಮಾಡ್ತವೆ. ಹೈಡ್ರೋಜನ್ ಸಲ್ಫೈಡ್ ಇರೋ ಗ್ಯಾಸನ್ನ ತೈಲ ಉದ್ಯಮದವರು ‘ಹುಳಿ ಗ್ಯಾಸ್’ ಅಂತಾರೆ, ತೆಗೆದ ಮೇಲೆ ‘ಸಿಹಿ ಗ್ಯಾಸ್’. ತೆಗೆಯೋ ಕೆಲಸಕ್ಕೆ ಹೆಸರೇ ‘ಸಿಹಿ ಮಾಡೋದು’. ಯಾರೋ ಅಡುಗೆ ಮನೆಯಿಂದ ಬಂದೋರು ಇಟ್ಟ ಹೆಸರಿರಬೇಕು.

2014ರ ಜೂನ್ 27. ಆಂಧ್ರದ ಆಗಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಅನ್ನೋ ಹಳ್ಳಿ. ತೆಂಗಿನ ತೋಟದ ಊರು. ಊರ ಮಧ್ಯೆ ಹೋಗೋ ಗೇಲ್ ಸಂಸ್ಥೆಯ ಗ್ಯಾಸ್ ಪೈಪ್‌ಲೈನ್ ಬೆಳಗಿನ ಜಾವ ಒಡೀತು, ಗ್ಯಾಸ್ ಹರಡಿ ಬೆಂಕಿ ಹತ್ತಿಕೊಳ್ತು. 20ಕ್ಕೂ ಹೆಚ್ಚು ಜನ ಸತ್ತರು, ಮನೆಗಳು, ತೋಟ ಸುಟ್ಟು ಹೋದವು. ತನಿಖೆಯಲ್ಲಿ ಹೊರಗೆ ಬಂದ ಮುಖ್ಯ ವಿಷಯ ಇದು: ಒಣ ಗ್ಯಾಸ್ ಸಾಗಿಸೋಕೆ ಅಂತ ಹಾಕಿದ ಪೈಪಲ್ಲಿ ನೀರಿನ ಅಂಶ ಇರೋ ಹಸಿ ಗ್ಯಾಸ್ ಹೋಗ್ತಾ ಇತ್ತು. ನೀರು, ಅದರ ಜೊತೆ ಕಾರ್ಬನ್ ಡೈಆಕ್ಸೈಡ್‌ನಂಥವು. ಪೈಪು ಒಳಗಿಂದಲೇ ಸವೆದು ಹೋಗಿತ್ತು.

ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ, ಅದೇ ಇದರ ಕಷ್ಟ. ಹಾಗಾಗಿ ‘ಗ್ಯಾಸ್ ತೊಳೆಯೋದು ಕಾರ್ಖಾನೆಯವರ ತಲೆನೋವು, ನಮಗೇನು’ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಪೈಪ್ ಹೋಗೋದು ನಮ್ಮ ಊರ ಕೆಳಗೆ.

ಈಗ ತೆಗೆಯೋ ವಿಧಾನ. ಪುಸ್ತಕದಲ್ಲಿ ಇವಕ್ಕೆ ಉದ್ದದ ಪಟ್ಟಿ ಇದೆ. ನಾನು ಅದನ್ನ ಓದಿ ಹೇಳಲ್ಲ, ನಿಮಗೆ ನಿದ್ದೆ ಬರತ್ತೆ. ಮೂಲದಲ್ಲಿ ಇರೋದು ಎರಡೇ ಐಡಿಯಾ. ಒಂದು ಗೋಲಿ ಸೋಡಾ ಐಡಿಯಾ, ಇನ್ನೊಂದು ಬಸ್ ಐಡಿಯಾ.

ಗೋಲಿ ಸೋಡಾ ಸುಲಭ. ನೀರಿಗೆ ಒತ್ತಡ ಹಾಕಿ ಕಾರ್ಬನ್ ಡೈಆಕ್ಸೈಡ್ ತುಂಬಿದ್ರೆ ಅದು ಕರಗತ್ತೆ. ಗೋಲಿ ಒತ್ತಿದ್ರೆ ಒತ್ತಡ ಇಳಿದು ಬುಸ್ ಅಂತ ಹೊರಗೆ ಬರತ್ತೆ. ತಣ್ಣಗಿದ್ರೆ ಜಾಸ್ತಿ ಕರಗಿರತ್ತೆ, ಬಿಸಿಲಲ್ಲಿಟ್ಟ ಸೋಡಾ ಉಕ್ಕಿ ಚೆಲ್ಲತ್ತೆ. ಈ ಮೂರು ವಿಷಯ ಗೊತ್ತಿದ್ರೆ ನಿಮಗೆ ‘ಭೌತಿಕ ದ್ರಾವಕ’ ವಿಧಾನ ಅರ್ಥ ಆಯ್ತು ಅಂತಲೇ. ಮೀಥೇನು ನೀರಲ್ಲಿ ಕರಗೋದಕ್ಕಿಂತ ಕಾರ್ಬನ್ ಡೈಆಕ್ಸೈಡ್ ಸುಮಾರು 25 ಪಟ್ಟು ಜಾಸ್ತಿ ಕರಗತ್ತೆ. ಹೈಡ್ರೋಜನ್ ಸಲ್ಫೈಡ್ ಅದಕ್ಕಿಂತಲೂ ಜಾಸ್ತಿ. ಹಾಗಾಗಿ ಎತ್ತರದ ಕಂಬದಂಥ ಟ್ಯಾಂಕಲ್ಲಿ ಮೇಲಿಂದ ನೀರು ಬಿಟ್ಟು ಕೆಳಗಿಂದ ಒತ್ತಡದಲ್ಲಿ ಗ್ಯಾಸ್ ಬಿಟ್ಟರೆ ಮೇಲೆ ಮೀಥೇನ್ ಬರತ್ತೆ, ಕೆಳಗೆ ಸೋಡಾ ಬರತ್ತೆ. ಕುಡಿಯೋಕೆ ಆಗದ ಸೋಡಾ, ಅಷ್ಟೇ.

ದೊಡ್ಡ ಕಾರ್ಖಾನೆಯವರು ನೀರಿನ ಬದಲು ಇನ್ನೂ ಹಸಿದಿರೋ ದ್ರವ ಬಳಸ್ತಾರೆ. ಜರ್ಮನಿಯ ಲುರ್ಗಿ ಮತ್ತು ಲಿಂಡೆ ಕಂಪನಿಗಳು ಸೇರಿ ಮಾಡಿದ ರೆಕ್ಟಿಸಾಲ್ ವಿಧಾನದಲ್ಲಿ ಮೆಥನಾಲನ್ನ ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಕೆಲವೆಡೆ ಇನ್ನೂ ಕೆಳಗೆ ತಣ್ಣಗೆ ಮಾಡಿ ಬಳಸ್ತಾರೆ. ದಕ್ಷಿಣ ಆಫ್ರಿಕಾದ ಸಾಸೋಲ್ ಕಂಪನಿ ಕಲ್ಲಿದ್ದಲಿಂದ ಪೆಟ್ರೋಲ್ ಮಾಡೋಕೆ 1950ರ ದಶಕದಲ್ಲಿ ಇದನ್ನ ಹಾಕ್ತು. ಚೀನಾದಲ್ಲಿ ಯೂರಿಯಾ ಬಹುಪಾಲು ಕಲ್ಲಿದ್ದಲಿಂದಲೇ ಆಗೋದು, ಅಲ್ಲೂ ಇದೇ ವಿಧಾನ ತುಂಬಾ ಕಡೆ ಇದೆ. ಕಲ್ಲಿದ್ದಲ ಗ್ಯಾಸಲ್ಲಿ ಕೊಳೆ ಜಾಸ್ತಿ, ಒತ್ತಡವೂ ಜಾಸ್ತಿ ಇರತ್ತೆ. ಒತ್ತಡ ಜಾಸ್ತಿ ಇದ್ದಷ್ಟೂ ಸೋಡಾ ಐಡಿಯಾಗೆ ಲಾಭ.

ಒತ್ತಡ ಕಮ್ಮಿ ಇದ್ರೆ? ಆಗ ಬರೀ ಕರಗಿಸೋದು ಸಾಲಲ್ಲ, ಹಿಡಿದು ಕೂರಿಸಬೇಕು. ಅದಕ್ಕೆ ಬಸ್ ಐಡಿಯಾ.

ಅಮೀನ್ ಅಂತ ಒಂದು ಜಾತಿಯ ರಾಸಾಯನಿಕ. ಅಮೋನಿಯದ ಸಂಬಂಧಿ, ಗುಣದಲ್ಲಿ ಕ್ಷಾರ. ನೀರಿಗೆ ಬೆರೆಸಿ ಗ್ಯಾಸ್ ಜೊತೆ ಮುಟ್ಟಿಸಿದ್ರೆ ಆಮ್ಲ ಅನಿಲಗಳು ಅದರ ಜೊತೆ ಸೇರಿಕೊಂಡು ಸೀಟ್ ಹಿಡಿದು ಕೂತು ಬಿಡ್ತವೆ. ಮೀಥೇನ್‌ಗೆ ಆ ಬಸ್ಸಲ್ಲಿ ಸೀಟಿಲ್ಲ, ಅದು ಹಾಗೇ ಮೇಲೆ ಹೋಗತ್ತೆ. ಹತ್ತೋ ಸ್ಟಾಪಲ್ಲಿ ಬಿಸಿ ಸುಮಾರು 40 ಡಿಗ್ರಿ. ಆಮೇಲೆ ಈ ದ್ರಾವಣಾನ ಇನ್ನೊಂದು ಕಂಬಕ್ಕೆ ತಗೊಂಡು ಹೋಗಿ 110-120 ಡಿಗ್ರಿಗೆ ಕಾಯಿಸ್ತಾರೆ. ಎಲ್ಲಾ ಪ್ಯಾಸೆಂಜರ್‌ಗಳೂ ಇಳೀತಾರೆ. ಖಾಲಿ ಬಸ್ಸು ತಣ್ಣಗಾಗಿ ವಾಪಸ್ ಮೊದಲ ಸ್ಟಾಪಿಗೆ. ಹಗಲು ರಾತ್ರಿ ಇದೇ ಟ್ರಿಪ್. ಅಮೆರಿಕದ ಆರ್.ಆರ್. ಬಾಟಮ್ಸ್ ಅನ್ನೋರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1930ರಲ್ಲಿ. ಸುಮಾರು 100 ವರ್ಷ ಆಗ್ತಾ ಬಂತು, ಇವತ್ತಿಗೂ ಪ್ರಪಂಚದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರೋದು ಇದೇ ಮೂಲ ವಿನ್ಯಾಸ.

ಟಿಕೆಟ್ ದರ ಎಷ್ಟು? ಇಲ್ಲೇ ನನ್ನ ಕಾಮರ್ಸ್ ತಲೆ ಎದ್ದು ಕೂರತ್ತೆ. ಹಳೇ ಮಾದರಿಯ ಮೊನೊಎಥನಾಲಮೀನ್ ದ್ರಾವಣದಲ್ಲಿ 1 ಟನ್ ಕಾರ್ಬನ್ ಡೈಆಕ್ಸೈಡ್ ಇಳಿಸೋಕೆ ಸುಮಾರು 4 ಗಿಗಾಜೂಲ್ ಶಾಖ ಬೇಕು. ಅರ್ಥ ಆಗೋ ಹಾಗೆ ಹೇಳ್ತೀನಿ: ಮನೆಯ 14.2 ಕೆ.ಜಿ. ಸಿಲಿಂಡರ್ 6 ಪೂರ್ತಿ ಉರಿಸಿದಷ್ಟು. ಆಮ್ಲ ಅನಿಲ ತೆಗೆಯೋದರಲ್ಲಿ ಖರ್ಚು ಇರೋದು ಹಿಡಿಯೋದರಲ್ಲಿ ಅಲ್ಲ, ಬಿಡಿಸೋದರಲ್ಲಿ. ಗಟ್ಟಿಯಾಗಿ ಹಿಡಿಯೋ ದ್ರಾವಣ ಗ್ಯಾಸನ್ನ ಚೆನ್ನಾಗಿ ತೊಳೆಯತ್ತೆ, ಆದ್ರೆ ಬಿಡಿಸೋಕೆ ಜಾಸ್ತಿ ಶಾಖ ಕೇಳತ್ತೆ. ಸಡಿಲ ಹಿಡಿಯೋದು ಉಲ್ಟಾ. ಈ ಉದ್ಯಮದ ಎಂಜಿನಿಯರ್‌ಗಳು ಇಷ್ಟು ವರ್ಷದಿಂದ ಚೌಕಾಸಿ ಮಾಡ್ತಾ ಇರೋದು ಇದೇ ಒಂದು ವಿಷಯಕ್ಕೆ.

ಅಮೀನ್‌ಗಳಲ್ಲೂ ಗುಣಭೇದ ಇದೆ. ಮೀಥೈಲ್ ಡೈಎಥನಾಲಮೀನ್ ಅಂತ ಒಂದಿದೆ, ಅದು ಹೈಡ್ರೋಜನ್ ಸಲ್ಫೈಡನ್ನ ತಕ್ಷಣ ಹಿಡಿಯತ್ತೆ, ಕಾರ್ಬನ್ ಡೈಆಕ್ಸೈಡ್ ವಿಷಯದಲ್ಲಿ ಮಾತ್ರ ನಿಧಾನ. ವಯನಾಡು ರಸ್ತೆಯ ಮದ್ದೂರು ಚೆಕ್‌ಪೋಸ್ಟ್ ರಾತ್ರಿ 9ರ ಮೇಲೆ ಹೇಗೆ ನೆನಪಿಸಿಕೊಳ್ಳಿ. 2009ರಿಂದ ಬಂಡೀಪುರದಲ್ಲಿ ರಾತ್ರಿ ಸಂಚಾರ ನಿಷೇಧ ಇದೆಯಲ್ಲ. ಆಂಬುಲೆನ್ಸ್ ಬಂದ್ರೆ ಗೇಟ್ ತೆಗೀತಾರೆ, ತರಕಾರಿ ಲಾರಿ ಬೆಳಗಿನ 6ರ ತನಕ ಕಾಯತ್ತೆ. ಈ ಅಮೀನು ಹಾಗೇ. ವಿಷಾನ ಮೊದಲು ಹಿಡಿಯಬೇಕು, ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಉಳಿದ್ರೂ ಪರವಾಗಿಲ್ಲ ಅನ್ನೋ ಕಡೆ ಇದೇ ಬೇಕು. ಸುಮ್ಮನೆ ಎಲ್ಲಾನೂ ತೆಗೆದ್ರೆ ಶಾಖ ದಂಡ.

ಅಪಾಯ ಇಲ್ವಾ? ಇದೆ. 1984ರ ಜುಲೈ 23ರಂದು ಅಮೆರಿಕದ ಇಲಿನಾಯ್ ರಾಜ್ಯದ ರೋಮಿಯೊವಿಲ್ ರಿಫೈನರಿಯಲ್ಲಿ ಒಡೆದಿದ್ದು ಒಂದು ಅಮೀನ್ ಕಂಬವೇ. ಉಕ್ಕಿನಲ್ಲಿ ಬಿರುಕು ಬೆಳೆದು ಗ್ಯಾಸ್ ಹೊರಗೆ ಬಂತು, 17 ಜನ ಸತ್ತರು.

ಸರಿ, ಈಗ ಪಣಂಬೂರಿಗೆ ಹೋಗೋಣ. ಮಂಗಳೂರಿನ ಬಂದರಿನ ಹತ್ತಿರ ಇರೋ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್, ಎಂಸಿಎಫ್ ಅಂತಲೇ ಹೆಸರು. ಕರ್ನಾಟಕದಲ್ಲಿ ಯೂರಿಯಾ ಮಾಡೋ ಕಾರ್ಖಾನೆ ಅಂದ್ರೆ ಅದೊಂದೇ. 1976ರಲ್ಲಿ ಶುರುವಾಗಿದ್ದು. ನಿಮ್ಮ ಮೂಟೆ ಅಲ್ಲಿಂದಲೇ ಬಂದಿರಬೇಕು ಅಂತೇನಿಲ್ಲ, ಬೇರೆ ರಾಜ್ಯದಿಂದ, ಹೊರದೇಶದಿಂದಲೂ ಬರತ್ತೆ. ಆದ್ರೆ ಒಳಗಿನ ಕಥೆ ಹೆಚ್ಚೂ ಕಮ್ಮಿ ಒಂದೇ.

ಯೂರಿಯಾಗೆ ಅಮೋನಿಯ ಬೇಕು, ಅಮೋನಿಯಕ್ಕೆ ಹೈಡ್ರೋಜನ್ ಬೇಕು. ಹೈಡ್ರೋಜನ್ ಸಿಗೋದು ಸಿನ್‌ಗ್ಯಾಸ್‌ನಿಂದ. ಸಿನ್‌ಗ್ಯಾಸ್ ಅಂದ್ರೆ ನಾಫ್ತಾನೋ ನೈಸರ್ಗಿಕ ಅನಿಲಾನೋ ತಗೊಂಡು ನೀರಿನ ಹಬೆ ಜೊತೆ 800 ಡಿಗ್ರಿ ಆಸುಪಾಸು ಕಾಯಿಸಿದಾಗ ಬರೋ ಮಿಶ್ರಣ: ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಸ್ವಲ್ಪ ಕಾರ್ಬನ್ ಡೈಆಕ್ಸೈಡ್. ಅಲ್ಲಿರೋ ನಿಕ್ಕಲ್ ವೇಗವರ್ಧಕಕ್ಕೆ ಗಂಧಕ ಕಂಡ್ರೆ ಆಗಲ್ಲ, ತಾಗಿದ್ರೆ ಸತ್ತೇ ಹೋಗತ್ತೆ. ಅದಕ್ಕೆ ಗಂಧಕಾನ ಕುಲುಮೆಗೆ ಹೋಗೋ ಮೊದಲೇ ತೆಗೀತಾರೆ, ಕೊನೆ ಕಾವಲಿಗೆ ಸತುವಿನ ಆಕ್ಸೈಡ್ ಉಂಡೆಗಳ ಹಾಸು ಇಟ್ಟಿರ್ತಾರೆ. ಅದು ಗಂಧಕ ಹಿಡಿದು ಸತುವಿನ ಸಲ್ಫೈಡ್ ಆಗಿ ಕೂರತ್ತೆ. ತುಂಬಿದ ಮೇಲೆ ತೆಗೆದು ಹೊಸದು ಹಾಕಬೇಕು. ಇದು ಬಸ್ಸೂ ಅಲ್ಲ ಸೋಡಾನೂ ಅಲ್ಲ. ಇಲಿ ಬೋನು, ಒಳಗೆ ಹೋಗಿದ್ದು ವಾಪಸ್ ಬರಲ್ಲ.

ಆಮೇಲೆ ಕಾರ್ಬನ್ ಮೊನಾಕ್ಸೈಡನ್ನ ಇನ್ನಷ್ಟು ಹಬೆ ಜೊತೆ ಸೇರಿಸಿ ಕಾರ್ಬನ್ ಡೈಆಕ್ಸೈಡ್ ಮಾಡ್ತಾರೆ, ಜೊತೆಗೆ ಹೈಡ್ರೋಜನ್ ಬೋನಸ್. ಈಗ ಗ್ಯಾಸ್ ತುಂಬಾ ಕಾರ್ಬನ್ ಡೈಆಕ್ಸೈಡ್. ಅಮೋನಿಯ ಮಾಡೋ ಕಬ್ಬಿಣದ ವೇಗವರ್ಧಕಕ್ಕೆ ಅದೂ ವಿಷ. ತೊಳೆದು ತೆಗೀಲೇಬೇಕು. ಗೊಬ್ಬರ ಕಾರ್ಖಾನೆಗಳಲ್ಲಿ ಇದಕ್ಕೆ ಅಮೀನ್ ಬಳಸೋರು ಇದ್ದಾರೆ, ಬಿಸಿ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣ ಬಳಸೋರೂ ಇದ್ದಾರೆ. ಎರಡನೇದು 1950ರ ದಶಕದಲ್ಲಿ ಅಮೆರಿಕದ ಗಣಿ ಇಲಾಖೆಯ ಬೆನ್ಸನ್ ಮತ್ತು ಫೀಲ್ಡ್ ಅನ್ನೋರು ಮಾಡಿದ್ದು, ಇಬ್ಬರ ಹೆಸರನ್ನೂ ಸೇರಿಸಿ ಬೆನ್‌ಫೀಲ್ಡ್ ಅಂತಾರೆ. ತೊಳೆದ ಮೇಲೂ ಉಳಿದ ಚೂರುಪಾರನ್ನ ಹೈಡ್ರೋಜನ್ ಜೊತೆ ಸೇರಿಸಿ ಮೀಥೇನ್ ಮಾಡಿಬಿಡ್ತಾರೆ, ಮೀಥೇನ್‌ನಿಂದ ತೊಂದರೆ ಇಲ್ಲ.

ತೊಳೆದಾಗ ಬಂದ ಕೊಳೆ, ಅದೇ ಕಾರ್ಬನ್ ಡೈಆಕ್ಸೈಡ್, ಪಕ್ಕದ ಘಟಕಕ್ಕೆ ಹೋಗಿ ಅಮೋನಿಯ ಜೊತೆ ಸೇರಿ ಯೂರಿಯಾ ಆಗತ್ತೆ. ಆ 33 ಕೆ.ಜಿ. ಬಂದಿದ್ದು ಇಲ್ಲಿಂದ.

ಇಲ್ಲೊಂದು ತಮಾಷೆ ಇದೆ. ಎಂಸಿಎಫ್ ವರ್ಷಗಟ್ಟಲೆ ನಾಫ್ತಾದಲ್ಲಿ ನಡೀತಿತ್ತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿ.ಮೀ. ಗ್ಯಾಸ್ ಪೈಪ್‌ಲೈನ್ ಬಂದ ಮೇಲೆ ನೈಸರ್ಗಿಕ ಅನಿಲಕ್ಕೆ ಬದಲಾಯ್ತು. ಆ ಪೈಪ್‌ಲೈನ್ ಉದ್ಘಾಟನೆ ಆಗಿದ್ದು 2021ರ ಜನವರಿ 5ಕ್ಕೆ. ನೈಸರ್ಗಿಕ ಅನಿಲದಲ್ಲಿ ನಾಫ್ತಾಗಿಂತ ಕಾರ್ಬನ್ ಪಾಲು ಕಮ್ಮಿ, ಹೈಡ್ರೋಜನ್ ಪಾಲು ಜಾಸ್ತಿ. ಒಳ್ಳೇದೇ ಅಲ್ವಾ? ಹೌದು, ಆದ್ರೆ ಅನಿಲದಿಂದ ನಡೆಯೋ ಗೊಬ್ಬರ ಕಾರ್ಖಾನೆಗಳಲ್ಲಿ ಅಮೋನಿಯ ಪೂರ್ತಿ ಯೂರಿಯಾ ಮಾಡೋಕೆ ಕಾರ್ಬನ್ ಡೈಆಕ್ಸೈಡೇ ಸಾಲದೆ ಬರಬಹುದು! ಉತ್ತರ ಪ್ರದೇಶದ ಅವ್ನ್ಲಾ ಮತ್ತು ಫೂಲ್‌ಪುರದ ಇಫ್ಕೊ ಕಾರ್ಖಾನೆಗಳಲ್ಲಿ 2006ರಲ್ಲಿ ಕುಲುಮೆ ಚಿಮಣಿಯ ಹೊಗೆಯಿಂದ ಅಮೀನ್ ಬಳಸಿ ಕಾರ್ಬನ್ ಡೈಆಕ್ಸೈಡ್ ಹಿಡಿಯೋ ಘಟಕ ಹಾಕಿದ್ದು ಇದಕ್ಕೇ. ಇಡೀ ಪ್ರಪಂಚ ‘ಕಾರ್ಬನ್ ಜಾಸ್ತಿ ಆಯ್ತು’ ಅಂತ ಕೂಗ್ತಾ ಇದ್ರೆ ಇವರು ‘ನಮಗೆ ಸಾಲ್ತಾ ಇಲ್ಲ’ ಅಂತ ಹುಡುಕ್ತಾ ಇದ್ದಾರೆ. ಹಾಗಂತ ಇದನ್ನ ಪರಿಸರ ಸೇವೆ ಅಂತ ಯಾರಾದ್ರೂ ಮಾರೋಕೆ ಬಂದ್ರೆ ಹುಷಾರು. ಯೂರಿಯಾ ನಮ್ಮ ಅರಿಶಿನದ ಹೊಲಕ್ಕೆ ಬಿದ್ದು ಕರಗಿದ ಮೇಲೆ ಮಣ್ಣಿನ ಕಿಣ್ವ ಅದನ್ನ ಮತ್ತೆ ಅಮೋನಿಯ, ಕಾರ್ಬನ್ ಡೈಆಕ್ಸೈಡ್ ಅಂತ ಒಡೆಯತ್ತೆ. ಸಾಲ ಕೆಲವು ತಿಂಗಳು ಮುಂದಕ್ಕೆ ಹೋಯ್ತು, ತೀರಲಿಲ್ಲ.

ಕೊಚ್ಚಿಗೆ ಬರೋ ಗ್ಯಾಸ್ ಹಡಗಲ್ಲಿ ದ್ರವರೂಪದಲ್ಲಿ ಬರತ್ತೆ, ಸೊನ್ನೆಗಿಂತ 162 ಡಿಗ್ರಿ ಕೆಳಗೆ. ಕಾರ್ಬನ್ ಡೈಆಕ್ಸೈಡ್ ಅದಕ್ಕಿಂತ ಎಷ್ಟೋ ಮೊದಲೇ ಹೆಪ್ಪುಗಟ್ಟಿ ಪೈಪ್ ಕಟ್ಟಿ ಹಾಕತ್ತೆ. ಅದಕ್ಕೆ ದ್ರವ ಮಾಡೋ ಮೊದಲೇ 10 ಲಕ್ಷ ಭಾಗದಲ್ಲಿ 50 ಭಾಗಕ್ಕಿಂತ ಕಮ್ಮಿ ಆಗೋ ಹಾಗೆ ತೊಳೆದಿರಬೇಕು. ಕೊಚ್ಚಿ ಟರ್ಮಿನಲ್‌ಗೆ ದೀರ್ಘಾವಧಿ ಒಪ್ಪಂದ ಇರೋದು ಆಸ್ಟ್ರೇಲಿಯಾದ ಗಾರ್ಗನ್ ಯೋಜನೆ ಜೊತೆ. ಅಲ್ಲಿನ ಬಾವಿ ಗ್ಯಾಸಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 14% ತನಕ ಇರತ್ತೆ. ತೊಳೆದು ತೆಗೆದಿದ್ದನ್ನ 2019ರಿಂದ ಬ್ಯಾರೋ ದ್ವೀಪದ ಕೆಳಗೆ ಪಂಪ್ ಮಾಡಿ ಹೂಳ್ತಾ ಇದ್ದಾರೆ, ಗುರಿ ಇಟ್ಟುಕೊಂಡಷ್ಟು ಆಗಿಲ್ಲ. ಅಂದ್ರೆ ನಮ್ಮ ಪೈಪಿಗೆ ಬರೋ ಸಿಹಿ ಗ್ಯಾಸಿನ ಹುಳಿ ಬೇರೆ ಯಾರದೋ ಮನೆಯಲ್ಲಿ ಉಳಿದಿದೆ.

ಗಂಧಕದ ವಿಷಯ ಬೇಗ ಹೇಳಿಬಿಡ್ತೀನಿ. ಮಂಗಳೂರಿನ ಎಂಆರ್‌ಪಿಎಲ್ ಥರದ ರಿಫೈನರಿಗಳಲ್ಲಿ ಅಮೀನ್ ಬಸ್ಸಿಂದ ಇಳಿದ ಹೈಡ್ರೋಜನ್ ಸಲ್ಫೈಡನ್ನ ಗಾಳಿಗೆ ಬಿಡೋ ಹಾಗಿಲ್ಲ. ಅದರಲ್ಲಿ ಮೂರನೇ ಒಂದು ಭಾಗ ಸುಟ್ಟು, ಆ ಹೊಗೆಯನ್ನ ಉಳಿದ ಭಾಗದ ಜೊತೆ ಸೇರಿಸಿದ್ರೆ ಹಳದಿ ಗಂಧಕ ಉಳಿಯತ್ತೆ. 1883ರಲ್ಲಿ ಕಾರ್ಲ್ ಫ್ರೀಡ್ರಿಕ್ ಕ್ಲಾಸ್ ಪೇಟೆಂಟ್ ತಗೊಂಡ ಐಡಿಯಾದಿಂದ ಬೆಳೆದಿದ್ದು. ಇವತ್ತು ಪ್ರಪಂಚದ ಗಂಧಕ ಬಹುಪಾಲು ಗಣಿಯಿಂದ ಅಲ್ಲ, ಹೀಗೆ ತೈಲ-ಅನಿಲ ತೊಳೆದಾಗ ಬಂದಿದ್ದು. ಇಷ್ಟೆಲ್ಲಾ ಕಷ್ಟಪಟ್ಟು ಗಂಧಕ ತೆಗೆದ ಮೇಲೆ ಮನೆ ಸಿಲಿಂಡರ್‌ಗೆ ಬೇಕಂತಲೇ ಚೂರು ಗಂಧಕದ ಸಂಯುಕ್ತ ಸೇರಿಸ್ತಾರೆ, ಮರ್ಕ್ಯಾಪ್ಟನ್ ಅಂತ. ಲೀಕ್ ಆದ್ರೆ ವಾಸನೆ ಬರಲಿ ಅಂತ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ.

ಇನ್ನು ಮೂರನೇ ದಾರಿ, ದ್ರವವೇ ಇಲ್ಲದೆ. ಇದರ ಹೆಸರು ಚಾಮರಾಜನಗರದವರಿಗೆ ಬೇಡವಾದ ಕಾರಣಕ್ಕೆ ಗೊತ್ತು. 2021ರ ಮೇ 2ರಿಂದ 3ರ ನಡುವೆ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನೇ ಎತ್ತಿ ತೋರಿಸ್ತು. ಆ ಅಲೆಯ ನಂತರ ದೇಶದ ಜಿಲ್ಲಾಸ್ಪತ್ರೆಗಳಲ್ಲೆಲ್ಲ ‘ಪಿಎಸ್‌ಎ ಪ್ಲಾಂಟ್’ ಅನ್ನೋ ಮಾತು ಕೇಳಿ ಬಂತು. ಆ ಯಂತ್ರದಲ್ಲಿ ಜಿಯೊಲೈಟ್ ಅನ್ನೋ ಸಣ್ಣ ರಂಧ್ರದ ಹರಳುಗಳಿರ್ತವೆ. ಒತ್ತಡದಲ್ಲಿ ಗಾಳಿ ಬಿಟ್ಟರೆ ನೈಟ್ರೋಜನ್ ಅಂಟಿಕೊಳ್ಳತ್ತೆ, ಆಮ್ಲಜನಕ ಮುಂದೆ ಹೋಗತ್ತೆ. ಒತ್ತಡ ಇಳಿಸಿದ್ರೆ ನೈಟ್ರೋಜನ್ ಬಿಟ್ಟುಕೊಳ್ಳತ್ತೆ. ಎರಡು ಟ್ಯಾಂಕ್, ಒಂದು ಹಿಡಿಯುವಾಗ ಇನ್ನೊಂದು ಬಿಡತ್ತೆ. ಅದೇ ತತ್ವ, ಹರಳು ಬದಲಾಯಿಸಿ, ಜೈವಿಕ ಅನಿಲಕ್ಕೆ ಬಳಸಿದ್ರೆ ಕಾರ್ಬನ್ ಡೈಆಕ್ಸೈಡ್ ಅಂಟಿಕೊಂಡು ಮೀಥೇನ್ ಮುಂದೆ ಹೋಗತ್ತೆ. ಜರಡಿಯಂಥ ಪೊರೆಗಳೂ ಬಂದಿವೆ. ಸಣ್ಣ ಪ್ರಮಾಣಕ್ಕೆ ಇವೇ ಸಲೀಸು, ದ್ರಾವಣ ಕಾಯಿಸೋ ಗೋಳಿಲ್ಲ.

ಜೈವಿಕ ಅನಿಲ ಅಂದೆ. ಅಂದ್ರೆ ನಮ್ಮ ಗೋಬರ್ ಗ್ಯಾಸ್. ಹುಳಿ ಗ್ಯಾಸ್ ನಮ್ಮ ಹಿತ್ತಿಲಲ್ಲೇ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಸಗಣಿ ಗ್ಯಾಸಲ್ಲಿ ಮೀಥೇನ್ 55-65%, ಉಳಿದಿದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್, ಅದರ ಜೊತೆ ಚೂರು ಹೈಡ್ರೋಜನ್ ಸಲ್ಫೈಡ್. ಒಲೆಗೆ ಇದನ್ನ ತೊಳೆಯೋ ಅಗತ್ಯ ಇಲ್ಲ, ಗೋಬರ್ ಗ್ಯಾಸ್ ಒಲೆಯ ರಂಧ್ರಗಳನ್ನ ಅದಕ್ಕೆ ತಕ್ಕ ಹಾಗೆ ದೊಡ್ಡದಾಗಿ ಮಾಡಿರ್ತಾರೆ. 1 ಘನ ಮೀಟರ್ ಉರಿಸಿದ್ರೆ ಸುಮಾರು 0.45 ಕೆ.ಜಿ. ಎಲ್‌ಪಿಜಿಗೆ ಸಮ. ಕಾಡಂಚಿನ ಊರಿಗೆ ಇದು ಸಣ್ಣ ವಿಷಯ ಅಲ್ಲ. ಸೌದೆಗೆ ಕಾಡಿಗೆ ಹೋಗೋದು ತಪ್ಪಲಿ ಅಂತಲೇ ಕೃಪಾಕರ-ಸೇನಾನಿ ಅವರ ‘ನಮ್ಮ ಸಂಘ’ ಬಂಡೀಪುರದ ಸುತ್ತಲಿನ ಮನೆಗಳಿಗೆ ಎಲ್‌ಪಿಜಿ ಮುಟ್ಟಿಸೋ ಕೆಲಸ ಮಾಡಿದ್ದು.

ಎಂಜಿನ್‌ಗೆ ಬಿಡೋದಾದ್ರೆ ಮಾತ್ರ ಗಂಧಕ ತೆಗೀಬೇಕು, ಇಲ್ಲಾಂದ್ರೆ ಒಳಗಿನ ಬೇರಿಂಗು, ಎಣ್ಣೆ ಎಲ್ಲಾ ಹಾಳು. ಹಳ್ಳಿ ಮಟ್ಟದ ಉಪಾಯ ತುಕ್ಕು. ಹೌದು, ಕಬ್ಬಿಣದ ತುಕ್ಕು! ತುಕ್ಕು ಹಿಡಿದ ಕಬ್ಬಿಣದ ಪುಡಿ ಅಥವಾ ಸ್ಟೀಲ್ ಉಲ್ಲನ್ ತುಂಬಿದ ಡಬ್ಬಿಯೊಳಗೆ ಗ್ಯಾಸ್ ಹಾಯಿಸಿದ್ರೆ ಹೈಡ್ರೋಜನ್ ಸಲ್ಫೈಡ್ ತುಕ್ಕಿನ ಜೊತೆ ಸೇರಿ ಕಪ್ಪಗಾಗತ್ತೆ. ಕಪ್ಪಾದ ಮೇಲೆ ಹೊರಗೆ ಹರಡಿದ್ರೆ ಗಾಳಿ ತಾಗಿ ಮತ್ತೆ ತುಕ್ಕಾಗತ್ತೆ, ಕೆಲವು ಸಲ ಮರುಬಳಕೆ ಮಾಡಬಹುದು. ಹುಷಾರು, ಗಾಳಿ ತಾಗಿದಾಗ ಅದು ಬಿಸಿ ಆಗತ್ತೆ, ಹೊತ್ತಿಕೊಳ್ಳಲೂಬಹುದು. ಹುಲ್ಲಿನ ಮೆದೆ ಪಕ್ಕ ಹರಡಬೇಡಿ.

ರೀಲ್ಸಲ್ಲಿ ಗೋಬರ್ ಗ್ಯಾಸನ್ನ ಟ್ಯೂಬಿಗೆ ತುಂಬೋದು, ಎಲ್‌ಪಿಜಿ ಸಿಲಿಂಡರ್‌ಗೆ ತುಂಬೋದು ತೋರಿಸ್ತಾರೆ. ದಯವಿಟ್ಟು ಮಾಡಬೇಡಿ. ಎಲ್‌ಪಿಜಿ ಸ್ವಲ್ಪ ಒತ್ತಿದ್ರೆ ದ್ರವ ಆಗತ್ತೆ, ಮೀಥೇನ್ ಮಾಮೂಲಿ ಬಿಸಿಯಲ್ಲಿ ಎಷ್ಟು ಒತ್ತಿದ್ರೂ ದ್ರವ ಆಗಲ್ಲ. ಸಿಎನ್‌ಜಿ ಸಿಲಿಂಡರ್‌ಗಳು 200 ಬಾರ್ ಒತ್ತಡಕ್ಕೆ ಮಾಡಿದ ಬೇರೆ ಜಾತಿ. ತೊಳೆಯದ ಹಸಿ ಗ್ಯಾಸ್ ಉಕ್ಕಿನೊಳಗೆ ಇದ್ರೆ ಏನಾಗತ್ತೆ ಅಂತ ನಗರಂ ಕಥೆಯಲ್ಲೇ ಹೇಳಿದೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸತತ್ ಯೋಜನೆಯಲ್ಲಿ ಜೈವಿಕ ಅನಿಲಾನ ಒತ್ತಿ ವಾಹನಕ್ಕೆ ಮಾರಬೇಕು ಅಂದ್ರೆ ಮೀಥೇನ್ ಕನಿಷ್ಠ 90% ಇರಬೇಕು, ಕಾರ್ಬನ್ ಡೈಆಕ್ಸೈಡ್ 4% ಮೀರಬಾರದು ಅಂತ ಭಾರತೀಯ ಮಾನಕ ಇದೆ. ಸುಮ್ಮನೆ ಇಟ್ಟಿರೋ ಸಂಖ್ಯೆ ಅಲ್ಲ ಅದು.

ಈಗ ಹೇಳೋದನ್ನ ದಯವಿಟ್ಟು ಅರ್ಧಕ್ಕೆ ಸ್ಕಿಪ್ ಮಾಡಬೇಡಿ. ಹೈಡ್ರೋಜನ್ ಸಲ್ಫೈಡ್ ತುಂಬಾ ಕಮ್ಮಿ ಇದ್ದಾಗ ವಾಸನೆ ಜೋರಾಗಿ ಬರತ್ತೆ. 10 ಲಕ್ಷ ಭಾಗದಲ್ಲಿ 100 ಭಾಗ ಮುಟ್ಟಿದ್ರೆ ಮೂಗಿನ ಶಕ್ತಿಯೇ ಹೋಗತ್ತೆ, ವಾಸನೆ ನಿಂತು ಹೋಗತ್ತೆ. ‘ವಾಸನೆ ಹೋಯ್ತು, ಗ್ಯಾಸ್ ಖಾಲಿ ಆಯ್ತು’ ಅಂತ ಒಳಗಿರೋರು ಅಂದುಕೊಳ್ತಾರೆ. 500-700 ಭಾಗಕ್ಕೆ ಕೆಲವೇ ನಿಮಿಷದಲ್ಲಿ ಕುಸಿದು ಬೀಳ್ತಾರೆ. 1000 ದಾಟಿದ್ರೆ ಒಂದೆರಡು ಉಸಿರಿಗೆ ಮುಗೀತು. ಇದು ಗಾಳಿಗಿಂತ ಭಾರ, ಕಾರ್ಬನ್ ಡೈಆಕ್ಸೈಡ್ ಇನ್ನೂ ಭಾರ. ಎರಡೂ ಗುಂಡಿಯ ತಳದಲ್ಲಿ ಕೂರ್ತವೆ. ಚೀನಾದ ಚೊಂಗ್‌ಚಿಂಗ್ ಹತ್ತಿರ 2003ರ ಡಿಸೆಂಬರ್‌ನಲ್ಲಿ ಹುಳಿ ಗ್ಯಾಸಿನ ಬಾವಿಯೊಂದು ಚಿಮ್ಮಿ 243 ಜನ ಸತ್ತರು, ಹೆಚ್ಚಿನವರು ಸುತ್ತಲಿನ ಹಳ್ಳಿಯವರು. ನಮ್ಮಲ್ಲಿ ಇದೇ ಗ್ಯಾಸ್ ಮ್ಯಾನ್‌ಹೋಲಲ್ಲಿ, ಶೌಚ ಗುಂಡಿಯಲ್ಲಿ ಒಬ್ಬೊಬ್ಬರನ್ನೇ ಕೊಲ್ಲತ್ತೆ, ಅದು ಸಣ್ಣ ಸುದ್ದಿಯಾಗಿ ಹೋಗತ್ತೆ. ಮನುಷ್ಯರನ್ನ ಹಾಗೆ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಚರಂಡಿ ಸಾವಿಗೆ ಪರಿಹಾರ 30 ಲಕ್ಷ ರೂಪಾಯಿ ಅಂತ ಹೇಳಿದೆ. ಆದ್ರೂ ಇಳಿಸ್ತಾ ಇದ್ದಾರೆ. ಯಾವ ಜಾತಿಯವರನ್ನ ಇಳಿಸ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗೋಬರ್ ಗ್ಯಾಸ್ ಗುಂಡಿ ಕ್ಲೀನ್ ಮಾಡೋದಕ್ಕೂ ಇದೇ ಮಾತು. ಮುಚ್ಚಳ ತೆಗೆದು ದಿನಗಟ್ಟಲೆ ಗಾಳಿ ಆಡಿಸಿ, ಬ್ಲೋವರ್ ಹಾಕಿ, ಗ್ಯಾಸ್ ಅಳೆಯೋ ಮೀಟರ್ ಇರೋ ಗೊತ್ತಿರೋರನ್ನ ಕರೆಸಿ. ಹಳೇ ಕಾಲದವರು ಬಾವಿಗೆ ದೀಪ ಇಳಿಸಿ ನೋಡ್ತಿದ್ರು. ಇಲ್ಲಿ ಮೀಥೇನ್ ಇದೆ, ದೀಪ ಇಳಿಸಿದ್ರೆ ಸ್ಫೋಟ. ಒಳಗೆ ಒಬ್ಬರು ಬಿದ್ದರೆ ನೀವು ಧುಮುಕಬೇಡಿ. ಇಂಥ ಘಟನೆಗಳಲ್ಲಿ ಎರಡನೇ, ಮೂರನೇ ಹೆಣ ಯಾವಾಗಲೂ ಉಳಿಸೋಕೆ ಹೋದವರದ್ದು, ಅಣ್ಣನೋ ಮಗನೋ. 112ಕ್ಕೆ ಫೋನ್ ಮಾಡಿ, ಹೊರಗಿಂದಲೇ ಗಾಳಿ ಊದಿಸಿ.

ಕೊನೆಗೆ, ತುಂಬಾ ಜನ ಕೇಳ್ತಾ ಇರೋ ಪ್ರಶ್ನೆ: ನಮ್ಮ ಜಿಲ್ಲೆಗೆ ಪೈಪ್ ಗ್ಯಾಸ್ ಬರತ್ತಾ? ನಗರ ಅನಿಲ ವಿತರಣೆಯ 10ನೇ ಸುತ್ತಿನ ಹರಾಜಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ ಮೂರನ್ನೂ ಒಂದೇ ಪ್ರದೇಶ ಅಂತ ಸೇರಿಸಿದ್ದಾರೆ. ಮೈಸೂರಲ್ಲಿ ಕೆಲಸ ಮುಂದೆ, ನಮ್ಮ ಕಡೆ ನಿಧಾನ, ಇದು ಎಲ್ಲಾ ವಿಷಯದಲ್ಲೂ ಇರೋ ಕಥೆ. ಬಂದಾಗ ಬೀದಿಯಲ್ಲಿ ಪೈಪ್ ಹಾಕೋರನ್ನ ಕೇಳಿ: ಲೀಕ್ ಆದ್ರೆ ಯಾವ ನಂಬರ್‌ಗೆ ಫೋನ್ ಮಾಡಬೇಕು, ನಮ್ಮ ಬೀದಿಯ ವಾಲ್ವ್ ಎಲ್ಲಿದೆ, ಪೈಪನ್ನ ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡ್ತೀರ. ಕೇಳೋಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ, ಬಿ.ಕಾಂ. ಸಾಕು.

ಮುಂದಿನ ವಾರ ಸಿಗೋಣ. ಸಕ್ಕರೆ ಕಾರ್ಖಾನೆಯವರು ಕಬ್ಬಿನ ಹಾಲಿಗೆ ಗಂಧಕದ ಹೊಗೆ ಯಾಕೆ ಹಾಯಿಸ್ತಾರೆ ಅನ್ನೋದು ಮುಂದಿನ ಸಂಚಿಕೆ.